ಚಿಕ್ಕ ಪಕ್ಷ, ದೊಡ್ಡ ಮೈತ್ರಿ



ಬ್ರಹ್ಮಗಿರಿಯ ಬುಡದಲ್ಲಿರುವ ಅಶೋಕನ ಶಾಸನವನ್ನು ತಮ್ಮಲ್ಲಿ ಹಲವರು ನೋಡಿರಬಹುದು. 1892ರಲ್ಲಿ ರೈಸ್ ಸಾಹೇಬರು ಅದನ್ನು ಬೆಳಕಿಗೆ ತಂದರು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವನೂ ಪಡೆಯಬಲ್ಲನೆಂಬುದು ಅದರ ಸಾರ. ಈ ಮಾತು ರಾಜಕೀಯ ಪಕ್ಷಗಳಿಗೂ ಸಲ್ಲುವುದೆ? ದೊಡ್ಡದರೊಡನೆ ಕೂಡಿದ ಚಿಕ್ಕ ಪಕ್ಷದ ತತ್ತ್ವವು ಉಳಿಯುವುದೆ? ನಮ್ಮ ಮೈಸೂರಿನಲ್ಲಿಯೂ 1937ರಲ್ಲಿ ಪ್ರಜಾಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ಸೇರಿದಾಗ ಈ ಪ್ರಶ್ನೆ ಎದ್ದುದು ಸಹಜ. ಹಾಲೆಂಡ್ ದೇಶದ ನಿದರ್ಶನವೊಂದು ಇದಕ್ಕೆ ಉಪಯುಕ್ತವಾಗಿದೆ.

ಅಲ್ಲಿ ಪ್ರಾಟೆಸ್ಟಂಟರ ರಾಜಕೀಯವು ಬಹುಕಾಲ ಸಂಪ್ರದಾಯಸ್ಥರ ಕೈಯಲ್ಲಿತ್ತು. 1926ರಲ್ಲಿ ಕೆಲವರು ಬೇರೆಯಾಗಿ ಕ್ರೈಸ್ತ ಪ್ರಜಾಸತ್ತಾತ್ಮಕ ಒಕ್ಕೂಟವನ್ನು ಸ್ಥಾಪಿಸಿದರು. ಯೇಸುವಿನ ಬೋಧೆಯನ್ನು ನಂಬಿದವನು ಶಸ್ತ್ರವನ್ನೂ ಬಡವರ ಶೋಷಣೆಯನ್ನೂ ಒಪ್ಪಲಾರನೆಂಬುದು ಇವರ ವಾದ. ನೂರು ಸ್ಥಾನಗಳ ಕೆಳಮನೆಯಲ್ಲಿ ಇವರಿಗೆ 1933ರಲ್ಲಿ ಒಂದು, 1937ರಲ್ಲಿ ಎರಡು ಸ್ಥಾನ ದೊರೆಯಿತು. ಇಷ್ಟಕ್ಕೇ ಮತಾಧಿಕಾರಿಗಳು ಕುಪಿತರಾದರು. 1936ರಲ್ಲಿ ಕ್ಯಾಲ್ವಿನ್ ಮಾರ್ಗದ ಒಂದು ಪ್ರಮುಖ ಚರ್ಚಿನ ಮಹಾಸಭೆಯು, ನಾಜಿಗಳ ಅನುಯಾಯಿ ಪಕ್ಷದವರನ್ನೂ ಈ ಶಾಂತಿವಾದಿಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಇಬ್ಬರನ್ನೂ ಶಿಸ್ತಿಗೆ ಗುರಿಪಡಿಸಿತು.

ಯುದ್ಧಾನಂತರ, 1946ರ ಫೆಬ್ರವರಿಯಲ್ಲಿ, ಒಕ್ಕೂಟವು ಸಮಾಜವಾದಿಗಳೊಡನೆಯೂ ಉದಾರವಾದಿಗಳ ಒಂದು ಗುಂಪಿನೊಡನೆಯೂ ಸೇರಿ ಕಾರ್ಮಿಕ ಪಕ್ಷವಾಯಿತು. ಮೂವರಿಗೂ 1937ರಲ್ಲಿ ಇದ್ದುದು ಒಟ್ಟು 31 ಸ್ಥಾನ. ಕೂಡಿದ ಮೇಲೆ ದೊರೆತುದು 29. ಲೆಕ್ಕದ ನಷ್ಟವನ್ನು ಸಹಿಸಬಹುದಾಗಿತ್ತು. ಆದರೆ 1947ರಲ್ಲಿ ಹಾಲೆಂಡಿನ ಸೈನ್ಯವು ಇಂಡೋನೇಷ್ಯದ ಸ್ವಾತಂತ್ರ್ಯವಾದಿಗಳ ಮೇಲೆ ಬಿದ್ದಾಗ, ಸರ್ಕಾರದಲ್ಲಿ ಕಾರ್ಮಿಕ ಪಕ್ಷವೂ ಇದ್ದಿತು! ಶಸ್ತ್ರವನ್ನು ನಿರಾಕರಿಸಿದವರ ಹೆಸರು ಕರಗಿದ ಪಾತ್ರೆಯಿಂದಲೇ ಶಸ್ತ್ರದ ಆಜ್ಞೆ ಹೊರಟಂತಾಯಿತು.

ಬೀಜ ಮಾತ್ರ ಸಾಯಲಿಲ್ಲ. 1981ರಲ್ಲಿ ಅದೇ ದೇಶದಲ್ಲಿ ಎಡಪಂಥೀಯ ಇವಾಂಜೆಲಿಕಲ್ ಜನತಾ ಪಕ್ಷವು ಹುಟ್ಟಿ, ಮರುವರ್ಷ 150ರಲ್ಲಿ ಒಂದು ಸ್ಥಾನವನ್ನು ಗಳಿಸಿತು. 1986ರಲ್ಲಿ ಅದನ್ನೂ ಕಳೆದುಕೊಂಡು, 1989ರಲ್ಲಿ ಕಮ್ಯೂನಿಸ್ಟರು ಮೊದಲಾದ ಮೂವರೊಡನೆ ಹಸಿರು ಎಡಪಕ್ಷವನ್ನು ಕಟ್ಟಿ, 1991ರಲ್ಲಿ ತಾನು ವಿಸರ್ಜನೆಗೊಂಡಿತು.

ಕೂಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಒಂಟಿಯಾಗಿದ್ದು ಶುದ್ಧವಾಗಿರುವುದು ಸುಲಭ, ಆದರೆ ನಿಷ್ಫಲ. ಯಾವುದನ್ನು ಎಂದಿಗೂ ಬಿಡಲಾರೆವೆಂಬುದನ್ನು ಮಾತ್ರ ಕೂಡುವ ಮುನ್ನವೇ ಎಲ್ಲರೂ ಓದುವಂತೆ ಬರೆದಿಡಬೇಕು. ಅಶೋಕನು ಅದಕ್ಕಾಗಿ ಬಂಡೆಯನ್ನೇ ಆರಿಸಿಕೊಂಡನು.