ಆಯಿಲ್‌ಗೆ ನೀರು ಸೇರಿದರೆ: ಮಿಶನ್ ಬಿಚ್ಚುವ ಮೊದಲು ನೋಡಬೇಕಾದದ್ದು

(ಕಿರಿಮಂಜೇಶ್ವರದಲ್ಲಿ ಮೀನುಗಾರ ಕುಟುಂಬಗಳ ಸ್ವಸಹಾಯ ಸಂಘಗಳ ಮಾಹಿತಿ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಆಯಿಲ್ ಬೆಳಿ ಆಯ್ತ್ ಮಾರಾಯ್ರೆ, ಇನ್ನೆಂತ ಮಾಡುದ್?" ಈ ಪ್ರಶ್ನೆಯನ್ನು ನಮ್ಮ ಕೊಡೇರಿಯಲ್ಲಿ, ಮರವಂತೆಯಲ್ಲಿ, ಗಂಗೊಳ್ಳಿಯಲ್ಲಿ ದೋಣಿ ಇಟ್ಟುಕೊಂಡವರು ಯಾರೂ ಕೇಳದೆ ಇದ್ದದ್ದಿಲ್ಲ. ಉತ್ತರವೂ ಎಲ್ಲರಿಗೂ ಗೊತ್ತು: "ಆಯಿಲ್ ಬದಲಿಸಿ." ಬದಲಿಸುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ಆಮೇಲೆ ಯಾರೋ "ಮಿಶನ್ ಪೂರ್ತಿ ಬಿಚ್ಚಬೇಕು" ಎನ್ನುತ್ತಾರೆ. ಅಲ್ಲಿಂದ ಸಾಲದ ಅರ್ಜಿ ಶುರು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಯಿಲ್‌ನಲ್ಲಿ ನೀರು ಕಂಡರೆ ಅದು ಜ್ವರ ಇದ್ದ ಹಾಗೆ, ರೋಗ ಬೇರೆಯೇ ಇರುತ್ತದೆ. ಬಂದದ್ದು ಯಾವ ನೀರು, ಯಾವ ಬಾಗಿಲಿನಿಂದ ಬಂತು ಎಂದು ತಿಳಿಯದೆ ಆಯಿಲ್ ಬದಲಿಸಿದರೂ ದಂಡ, ಮಿಶನ್ ಬಿಚ್ಚಿದರೂ ದಂಡ. ಅದನ್ನು ತಿಳಿಯಲು ಬೇಕಾದ ಹೆಚ್ಚಿನ ಸಾಮಾನು ನಮ್ಮ ಮನೆಯಲ್ಲೇ ಇದೆ.

ಇದು ಬರೀ ಹಣದ ಪ್ರಶ್ನೆ ಅಲ್ಲ. 2020ರ ಆಗಸ್ಟ್ 16ರಂದು ಇದೇ ಕೊಡೇರಿಯಲ್ಲಿ ಅಲೆಯ ಹೊಡೆತಕ್ಕೆ ದೋಣಿ ಮಗುಚಿ ನಾಲ್ವರು ಮೀನುಗಾರರು ಜೀವ ಕಳೆದುಕೊಂಡರು. ಅಂದಿನ ಅನಾಹುತಕ್ಕೂ ಇವತ್ತಿನ ವಿಷಯಕ್ಕೂ ನೇರ ಸಂಬಂಧ ಇಲ್ಲ. ಆದರೆ ಅಳಿವೆಯ ಬಾಯಿ ಎಂಥ ಜಾಗ ಎಂಬುದನ್ನು ಆ ದಿನ ನಮಗೆ ಮರೆಯದ ಹಾಗೆ ಹೇಳಿಹೋಗಿದೆ. ಅಂಥ ಜಾಗದಲ್ಲಿ ಮಿಶನ್ ನಿಂತರೆ ದೋಣಿಯ ಮುಖ ಅಲೆಗೆ ಅಡ್ಡವಾಗುತ್ತದೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. 10 ಅಶ್ವಶಕ್ತಿಯ ವರೆಗಿನ ಮಿಶನ್ ಕಟ್ಟಿದ ನಾಡದೋಣಿಗಳಿಗೆ ಅದೇ ಸೀಸನ್. ಕಡಲು ಅತಿ ಒರಟಾಗಿರುವಾಗಲೇ ನಾವು ಸಣ್ಣ ಮಿಶನ್ ನಂಬಿ ಇಳಿಯುವವರು.

ಮೊದಲು, ನಿಮ್ಮದು ಯಾವ ಮಿಶನ್?

ದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್‌ಗಳಲ್ಲಿ ಎರಡು ಬಗೆ. ಟೂ ಸ್ಟ್ರೋಕ್ ಮಿಶನ್‌ನಲ್ಲಿ ಆಯಿಲ್ ಇಂಧನದ ಜೊತೆಗೇ ಉರಿದು ಹೋಗುತ್ತದೆ. ಅದರಲ್ಲಿ ಆಯಿಲ್ ಚೇಂಬರ್ ಇಲ್ಲ. ಆದರೆ ಕೆಳಗೆ, ಫ್ಯಾನಿನ ಪಕ್ಕದ ಗೇರ್ ಪೆಟ್ಟಿಗೆಯಲ್ಲಿ ಗೇರ್ ಆಯಿಲ್ ಇರುತ್ತದೆ, ನೀರು ಸೇರುವುದು ಅಲ್ಲಿ. ಫೋರ್ ಸ್ಟ್ರೋಕ್ ಆದರೆ ಮೇಲೆ ಇಂಜಿನ್ ಆಯಿಲ್, ಕೆಳಗೆ ಗೇರ್ ಆಯಿಲ್, ಎರಡನ್ನೂ ನೋಡಬೇಕು. ದೊಡ್ಡ ಬೋಟ್‌ನ ಒಳಗೆ ಕೂರಿಸಿದ ಡೀಸೆಲ್ ಇಂಜಿನ್‌ಗೆ ನೀರು ಬರುವ ದಾರಿಗಳು ಇನ್ನೂ ಹೆಚ್ಚು. ಅದನ್ನು ಮುಂದೆ ಹೇಳುತ್ತೇನೆ.

ಕಣ್ಣಿಗೆ ಕಾಣುವ ಗುರುತುಗಳು

ಬೆಳಿಗ್ಗೆ ಮಿಶನ್ ತಣ್ಣಗಿರುವಾಗ, ಚಾಲೂ ಮಾಡುವ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಒಳ್ಳೆಯ ಆಯಿಲ್ ಕಪ್ಪಾಗಿರಬಹುದು, ಅದು ತಪ್ಪಲ್ಲ. ಹಾಲು ಹಾಕಿದ ಚಾ ಬಣ್ಣ ಬಂದರೆ, ಇಲ್ಲವೆ ನೀರುದೋಸೆ ಹಿಟ್ಟಿನ ಹಾಗೆ ಬೆಳ್ಳಗೆ ಕಂಡರೆ ನೀರು ಸೇರಿದೆ ಎಂದೇ ಅರ್ಥ.

ಬಣ್ಣಕ್ಕಿಂತ ಮೊದಲು ಮಟ್ಟ ಹೇಳುತ್ತದೆ. ಆಯಿಲ್ ಹಾಕದೆ ಮಟ್ಟ ಏರಿತೆಂದರೆ ಏನೋ ಒಳಗೆ ಬರುತ್ತಿದೆ. ಆದರೆ ಏರಿದ್ದೆಲ್ಲ ನೀರಲ್ಲ. ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಅದು ಇಂಧನ ಸೋರಿಕೆ. ಇಂಜೆಕ್ಟರ್ ಅಥವಾ ಡೀಸೆಲ್ ಪಂಪಿನ ಕಡೆ ನೋಡಬೇಕು.

ಇನ್ನೊಂದು, ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆಳ್ಳನೆ ನೊರೆ, ಕಡ್ಡಿ ಚೊಕ್ಕ, ಮಟ್ಟ ಏರಿಲ್ಲ. ಇದು ಹೆಚ್ಚಾಗಿ ಗಾಳಿಯ ತೇವ ತಣಿದು ನಿಂತದ್ದು. ಹತ್ತು ನಿಮಿಷ ಓಡಿಸಿ ನಿಲ್ಲಿಸುವ ದೋಣಿಗಳಲ್ಲಿ, ಮಳೆಗಾಲದಲ್ಲಿ ಇದು ಸಾಮಾನ್ಯ. ಮಿಶನ್ ಚೆನ್ನಾಗಿ ಬಿಸಿಯಾಗುವಷ್ಟು ಹೊತ್ತು ಓಡಿಸಿದರೆ ಆ ತೇವ ಆರುತ್ತದೆ. ಇದಕ್ಕೆ ಹೆದರಿ ಮಿಶನ್ ಬಿಚ್ಚಿಸಬೇಡಿ.

ಮನೆಯಲ್ಲೇ ಮಾಡುವ ಮೂರು ಪರೀಕ್ಷೆ

ಒಂದು, ಬಾಟ್ಲಿ. ಆಯಿಲನ್ನು ಪಾರದರ್ಶಕ ಬಾಟ್ಲಿಯಲ್ಲಿ ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ನೀರು ಆಯಿಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಬೇಗ ಬೇರೆಯಾಗದಿದ್ದರೆ ಬಾಟ್ಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ರಾತ್ರಿಯಿಡೀ ನಿಂತ ಮಿಶನ್‌ನ ಕೆಳಗಿನ ಬೋಲ್ಟನ್ನು ಮೆಲ್ಲಗೆ ಸಡಿಲಿಸಿದರೂ ಗೊತ್ತಾಗುತ್ತದೆ: ನೀರು ಇದ್ದರೆ ಮೊದಲು ಅದೇ ಬರುತ್ತದೆ.

ಎರಡು, ಕಾವಲಿ. ಅಡುಗೆಗೆ ಬಳಸದ ಹಳೆ ಕಬ್ಬಿಣದ ಕಾವಲಿಯನ್ನು ನೀರು ಚಿಮುಕಿಸಿದರೆ ಚುಂಯ್ ಎಂದು ಆರುವಷ್ಟು ಕಾಯಿಸಿ, ಒಲೆಯಿಂದ ಇಳಿಸಿ. ಮೊದಲು ಹೊಸ ಆಯಿಲ್ ಒಂದು ಹನಿ ಬಿಡಿ, ಸುಮ್ಮನೆ ಹರಡುತ್ತದೆ. ಈಗ ಮಿಶನ್‌ನ ಆಯಿಲ್ ಒಂದು ಹನಿ ಬಿಡಿ. ಗುಳ್ಳೆ ಎದ್ದು ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಎಂದರೆ ನೀರಿದೆ. ಕಣ್ಣಿಗೆ ಇನ್ನೂ ಬೆಳ್ಳಗೆ ಕಾಣದ ಆಯಿಲ್‌ನಲ್ಲೂ ಇದು ನೀರನ್ನು ತೋರಿಸಿಕೊಡುತ್ತದೆ. ಮುಖ ದೂರ ಇರಲಿ, ಮಕ್ಕಳು ಹತ್ತಿರ ಬೇಡ. ದೋಣಿಯ ಮೇಲೆ, ಪೆಟ್ರೋಲ್-ಸೀಮೆಎಣ್ಣೆ ಇರುವಲ್ಲಿ ಇದನ್ನು ಖಂಡಿತ ಮಾಡಬೇಡಿ.

ಮೂರು, ಚಮಚ. ಬಾಟ್ಲಿಯ ತಳದಲ್ಲಿ ನಿಂತ ನೀರನ್ನು ಸ್ಟೀಲ್ ಚಮಚದಲ್ಲಿ ಹಾಕಿ ಸಣ್ಣ ಉರಿಯಲ್ಲಿ ಆರಿಸಿ. ಬೆಳ್ಳನೆ ಉಪ್ಪು ಉಳಿದರೆ ಕಡಲ ನೀರು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಒಂದು ಚಮಚಕ್ಕೂ ಕಾಣುವಷ್ಟು ಉಳಿಯುತ್ತದೆ. ಹೆಚ್ಚೇನೂ ಉಳಿಯದಿದ್ದರೆ ಸಿಹಿನೀರು. ಬಣ್ಣದ ಅಂಟು ಉಳಿದರೆ ಕೂಲೆಂಟ್ ಇರಬಹುದು. ನಾಲಿಗೆಗೆ ಹಾಕಿ ನೋಡುವ ಅಭ್ಯಾಸ ಕೆಲವರಿಗಿದೆ, ಅದು ಬೇಡವೇ ಬೇಡ, ಕೂಲೆಂಟ್ ವಿಷ. ಮತ್ತೊಂದು ನೆನಪಿರಲಿ, ಜೋರು ಮಳೆಯ ದಿನಗಳಲ್ಲಿ ಅಳಿವೆಯ ನೀರೇ ಸಪ್ಪೆ ಇರುತ್ತದೆ. ಆಗ ಈ ಪರೀಕ್ಷೆಯೊಂದನ್ನೇ ನಂಬಬೇಡಿ.

ಯಾವ ನೀರು, ಯಾವ ಬಾಗಿಲು?

ಈಗ ಮುಖ್ಯ ವಿಷಯ. ಉಪ್ಪು ನೀರು ಬಂದಿದ್ದರೆ ಹೊರಗಿನಿಂದ ಬಂದಿದೆ. ಡೀಸೆಲ್ ಇಂಜಿನ್‌ನಲ್ಲಿ ಮೊದಲು ಕಡಲ ನೀರೆಳೆಯುವ ಪಂಪನ್ನು ನೋಡಿ. ಗೇರಿನಿಂದ ತಿರುಗುವ ಪಂಪಿನಲ್ಲಿ ಒಂದು ಕಡೆ ನೀರಿನ ಸೀಲ್, ಇನ್ನೊಂದು ಕಡೆ ಆಯಿಲ್ ಸೀಲ್, ನಡುವೆ ಕೆಳಮುಖವಾಗಿ ಒಂದು ಸಣ್ಣ ತೂತು ಇರುತ್ತದೆ. ಸೀಲ್ ಹೋದರೆ ನೀರು ಆ ತೂತಿನಿಂದ ಹೊರಗೆ ತೊಟ್ಟಿಕ್ಕಲಿ ಎಂದೇ ಅದನ್ನು ಇಟ್ಟದ್ದು. ಉಪ್ಪು ಕಟ್ಟಿ, ಪೈಂಟ್ ಬಳಿದು ಆ ತೂತು ಮುಚ್ಚಿದರೆ ನೀರಿಗೆ ಹೋಗಲು ಬೇರೆ ಜಾಗ ಇಲ್ಲ, ಇಂಜಿನ್ ಒಳಗೇ ಹೋಗುತ್ತದೆ. ಒಂದು ಸಣ್ಣ ಸೀಲ್‌ನ ಕೆಲಸಕ್ಕೆ ಇಡೀ ಇಂಜಿನ್ ಬಿಚ್ಚುವುದು ಎಷ್ಟು ನಷ್ಟ, ನೀವೇ ಲೆಕ್ಕ ಹಾಕಿ.

ಆಮೇಲೆ ದೋಣಿಯ ತಳದ ನೀರು. ಅದು ಕ್ರ್ಯಾಂಕಿನ ಸೀಲ್ ವರೆಗೆ ಏರಿತ್ತೇ? ಹೊಗೆ ಕೊಳವೆಗೆ ಕಡಲ ನೀರು ಬಿಡುವ ಬೋಟ್ ಆದರೆ ಅಲ್ಲಿಂದ ಹಿಂದಕ್ಕೆ ಬಂತೇ? ಚಾಲೂ ಆಗದ ಇಂಜಿನ್ನನ್ನು ಮತ್ತೆ ಮತ್ತೆ ಸೆಲ್ಫ್ ಹೊಡೆದರೂ ಹೀಗೆ ಆಗುವುದುಂಟು.

ಸಿಹಿನೀರು, ಕೂಲೆಂಟ್ ಆದರೆ ಇಂಜಿನ್‌ನದ್ದೇ ತಂಪು ನೀರು ಒಳಗೆ ಸೋರುತ್ತಿದೆ. ಇಲ್ಲಿ ನೀರಿನ ಟ್ಯಾಂಕ್ ಸಾಕ್ಷಿ ಹೇಳುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿ. ಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು. ನೀರಿನ ಮೇಲೆ ಎಣ್ಣೆ ತೇಲಿದರೆ ಆಯಿಲ್ ಕೂಲರ್ ಮೇಲೆ ಸಂಶಯ. ಇಂಜಿನ್ ಓಡುವಾಗ ಆಯಿಲ್‌ನ ಒತ್ತಡ ಹೆಚ್ಚು, ಹಾಗಾಗಿ ಆಯಿಲ್ ನೀರಿಗೆ ಹೋಗುತ್ತದೆ; ನಿಲ್ಲಿಸಿದ ಮೇಲೆ ನೀರು ಆಯಿಲ್‌ಗೆ ಬರುತ್ತದೆ. ಗುಳ್ಳೆಯೂ ಇಲ್ಲ, ಎಣ್ಣೆಯೂ ಇಲ್ಲ, ಆದರೂ ಟ್ಯಾಂಕಿನ ನೀರು ದಿನಾ ಇಳಿಯುತ್ತಿದ್ದರೆ ಲೈನರ್ ಕೆಳಗಿನ ರಬ್ಬರ್ ರಿಂಗ್ ನೋಡಿಸಿ. ಮೆಕ್ಯಾನಿಕ್ ಅಡಿಯ ಚೇಂಬರ್ ತೆಗೆದು, ನೀರಿನ ದಾರಿಗೆ ಒತ್ತಡ ಕೊಟ್ಟು, ಹನಿ ಎಲ್ಲಿಂದ ಬೀಳುತ್ತದೆಂದು ಕಣ್ಣಾರೆ ತೋರಿಸಬಲ್ಲರು. ಬಿಸಿ ಇರುವಾಗ ಮಾತ್ರ ಟ್ಯಾಂಕಿನ ಮುಚ್ಚಳ ಮುಟ್ಟಬೇಡಿ.

ಔಟ್‌ಬೋರ್ಡ್‌ನ ಗೇರ್ ಆಯಿಲ್ ಬೆಳ್ಳಗಾದರೆ ಮೊದಲ ಸಂಶಯ ಫ್ಯಾನಿನ ಹಿಂದಿನ ಸೀಲ್. ಫ್ಯಾನ್ ಬಿಚ್ಚಿ ನೋಡಿ. ಬಲೆಯ ನೂಲು ಶಾಫ್ಟಿಗೆ ಸುತ್ತಿ, ಬಿಗಿದು, ಸೀಲನ್ನು ಕೊಯ್ದಿರುತ್ತದೆ. ಎರಡನೆಯದು ಆಯಿಲ್ ಬಿಡುವ, ತುಂಬುವ ಬೋಲ್ಟ್‌ಗಳ ವಾಷರ್. ಹಳೆ ವಾಷರನ್ನೇ ಮತ್ತೆ ಹಾಕಿದರೆ ಅಲ್ಲಿಂದಲೇ ನೀರು. ಪ್ರತಿ ಸಲ ಹೊಸ ವಾಷರ್ ಹಾಕಿ. ಆಯಿಲ್ ತುಂಬುವಾಗ ಕೆಳಗಿನ ತೂತಿನಿಂದ ತುಂಬಿ ಮೇಲಿನ ತೂತಿನಲ್ಲಿ ಬರುವ ವರೆಗೆ ತುಂಬಿ.

ಕೂಡಲೇ ಮಾಡಬೇಕಾದದ್ದು

ಕಡಲಿನಲ್ಲಿರುವಾಗ ಗೊತ್ತಾದರೆ ಆಯಿಲ್ ಪ್ರೆಶರ್ ಮೀಟರ್ ನೋಡಿ. ಪ್ರೆಶರ್ ಸರಿ ಇದ್ದರೆ ವೇಗ ತಗ್ಗಿಸಿ, ಹತ್ತಿರದ ದೋಣಿಯವರಿಗೆ ತಿಳಿಸಿ, ಬಂದರಿಗೆ ತಿರುಗಿ. ಪ್ರೆಶರ್ ಬೀಳುತ್ತಿದ್ದರೆ ಅಳಿವೆಗೆ ನುಗ್ಗುವ ಧೈರ್ಯ ಬೇಡ. ಹೊರಗೇ ಲಂಗರು ಹಾಕಿ ಸಹಾಯ ಕರೆಯಿರಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಈ ಎರಡು ನಂಬರ್ ಪ್ರತಿ ದೋಣಿಯಲ್ಲೂ ಬರೆದಿರಲಿ.

ಸಿಲಿಂಡರ್ ಒಳಗೆ ನೀರು ನಿಂತ ಸಂಶಯ ಇದ್ದರೆ ಸೆಲ್ಫ್ ಹೊಡೆಯಬೇಡಿ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇಂಜೆಕ್ಟರ್ ಅಥವಾ ಪ್ಲಗ್ ಬಿಚ್ಚಿ ಕೈಯಲ್ಲಿ ತಿರುಗಿಸಿ ನೀರು ಹೊರಗೆ ಬರಲಿ.

ದೋಣಿ ಮಗುಚಿ ಮಿಶನ್ ಕಡಲಿಗೆ ಬಿದ್ದಿದ್ದರೆ, ಎತ್ತಿ ಗಾಳಿಗೆ ಬಂದ ಗಳಿಗೆಯಿಂದ ತುಕ್ಕು ಓಡಲು ಶುರು ಮಾಡುತ್ತದೆ. ಸಿಹಿನೀರಿನಲ್ಲಿ ತೊಳೆದು, ನೀರು ಬಸಿದು, ಒಳಗೆಲ್ಲ ಆಯಿಲ್ ತಾಗಿಸಿ ಅದೇ ದಿನ ಮೆಕ್ಯಾನಿಕ್ ಹತ್ತಿರ ಕೊಂಡುಹೋಗಿ. ಅಂದೇ ಆಗದಿದ್ದರೆ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಅದರಲ್ಲೇ ಮುಳುಗಿಸಿಡುವುದು ಒಳ್ಳೆಯದು. "ನಾಳೆ ನೋಡುವ" ಎಂದು ಒಣಗಲು ಬಿಟ್ಟರೆ ನಾಳೆ ಬೇರಿಂಗ್ ಹಿಡಿದಿರುತ್ತದೆ.

ಸೋರುವ ಬಾಗಿಲು ಮುಚ್ಚಿದ ಮೇಲೆ ಮಾತ್ರ ಆಯಿಲ್ ಬದಲಿಸಿ. ಒಂದು ಸಲ ಸಾಕಾಗುವುದಿಲ್ಲ. ಆಯಿಲ್ ಮತ್ತು ಫಿಲ್ಟರ್ ಹಾಕಿ, ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಬಿಸಿಯಿರುವಾಗಲೇ ಬಸಿಯಿರಿ. ಆಯಿಲ್ ಬೆಳ್ಳಗೆ ಬರುವುದು ನಿಲ್ಲುವ ವರೆಗೆ ಹೀಗೆ ಮಾಡಿ, ಕೊನೆಗೆ ಕಾವಲಿ ಪರೀಕ್ಷೆ ಮಾಡಿ. ಬಸಿದ ಆಯಿಲನ್ನು ಹೊಳೆಗೆ ಚೆಲ್ಲಬೇಡಿ. ನಮ್ಮ ಅನ್ನ ಬರುವುದು ಅದೇ ನೀರಿನಿಂದ.

ಇನ್ನು ನಿಷೇಧದ ಎರಡು ತಿಂಗಳು ಬೋಟ್ ಕಟ್ಟಿಡುವವರು ಆಗಸ್ಟ್‌ನಲ್ಲಿ ಇಳಿಸುವಾಗ ಆಯಿಲ್ ಬದಲಿಸುತ್ತಾರೆ. ಬದಲಿಸಬೇಕಾದದ್ದು ಮೇ ತಿಂಗಳ ಕೊನೆಯಲ್ಲಿ, ಕಟ್ಟಿಡುವ ಮೊದಲು. ಹಳೆ ಆಯಿಲ್‌ನಲ್ಲಿರುವ ನೀರು, ಆಮ್ಲ 61 ದಿನ ಕೂತು ಬೇರಿಂಗ್ ತಿನ್ನುತ್ತವೆ.

ಅಕ್ಕಂದಿರಿಗೊಂದು ಮಾತು

ಸಂಘದ ಪಾಸ್‌ಬುಕ್ ಬರೆಯುವವರು ನೀವು. ಅದರ ಜೊತೆಗೆ ಮಿಶನ್‌ಗೂ ಒಂದು ಸಣ್ಣ ಪುಸ್ತಕ ಇಡಿ. ಇವತ್ತು ಆಯಿಲ್ ಮಟ್ಟ ಎಷ್ಟು, ಟ್ಯಾಂಕಿಗೆ ನೀರು ಎಷ್ಟು ಹಾಕಿದ್ದು, ಆಯಿಲ್ ಬದಲಿಸಿದ್ದು ಯಾವಾಗ, ಮೂರೇ ಸಾಲು. ಟ್ಯಾಂಕಿನ ನೀರು ಇಳಿಯುತ್ತಾ ಆಯಿಲ್ ಮಟ್ಟ ಏರುತ್ತಾ ಹೋದರೆ ಬಣ್ಣ ಬದಲಾಗುವ ಮೊದಲೇ ಪುಸ್ತಕ ಹೇಳಿಬಿಡುತ್ತದೆ.

ಮತ್ತೆ, "ಮಿಶನ್ ಬಿಚ್ಚಲಿಕ್ಕೆ ಸಾಲ ಬೇಕು" ಎಂಬ ಅರ್ಜಿ ಸಂಘಕ್ಕೆ ಬಂದರೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಬಂದದ್ದು ಉಪ್ಪು ನೀರೋ, ಸಿಹಿನೀರೋ? ಎಲ್ಲಿಂದ ಬಂತೆಂದು ಮೆಕ್ಯಾನಿಕ್ ತೋರಿಸಿದರೋ? ಉತ್ತರ ಇಲ್ಲದಿದ್ದರೆ ಸಾಲ ಒಂದು ದಿನ ಕಾಯಲಿ. ಇದು ಮೆಕ್ಯಾನಿಕ್ ಮೇಲಿನ ಅಪನಂಬಿಕೆ ಅಲ್ಲ. ಬಾಟ್ಲಿಯಲ್ಲಿ ಮಾದರಿ ಹಿಡಿದುಕೊಂಡು ಬರುವ ಗಿರಾಕಿಯನ್ನು ಕಂಡರೆ ಒಳ್ಳೆ ಮೆಕ್ಯಾನಿಕ್‌ಗೂ ಖುಷಿಯೇ, ಅವರ ಅರ್ಧ ಕೆಲಸ ಮುಗಿದಿರುತ್ತದೆ.

ಮನೆಗೆ ಹೋದ ಮೇಲೆ ಬಾಯಿ ಅಗಲದ ಒಂದು ಗಾಜಿನ ಬಾಟ್ಲಿ ಹುಡುಕಿ, ತೊಳೆದು ಒಣಗಿಸಿ ಇಡಿ. ನಾಳೆ ಬೆಳಿಗ್ಗೆ ಮಿಶನ್ ಚಾಲೂ ಮಾಡುವ ಮೊದಲು ಒಮ್ಮೆ ಕಡ್ಡಿ ಎತ್ತಿ ಕಾಣಿ.