ಕೆಲಸ ಹುಡುಕುವವನ ಸಹನೆ: ಮದ್‌ಯನ್‌ನ ಬಾವಿಕಟ್ಟೆಯ ಪಾಠ
(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ,

ಅಲ್ಲಾಹನನ್ನು ಭಯಪಟ್ಟು ಬದುಕಬೇಕೆಂದು ಮೊದಲು ನಮಗೆ, ನಂತರ ನಿಮಗೆಲ್ಲ ನೆನಪಿಸುತ್ತೇವೆ.

ನಮ್ಮ ಸಫ್‌ಗಳಲ್ಲಿ ಇಂದು ಕೆಲಸವಿಲ್ಲದವರು ಕುಳಿತಿದ್ದಾರೆ. ಗಲ್ಫ್‌ನಿಂದ ವೀಸಾ ಕ್ಯಾನ್ಸಲ್ ಆಗಿ ಬಂದವರು, ಡಿಗ್ರಿ ಮುಗಿಸಿ ವರ್ಷ ಕಳೆದರೂ ಇಂಟರ್‌ವ್ಯೂಗಳಿಗೆ ಅಲೆಯುತ್ತಿರುವ ಯುವಕರು, ವ್ಯಾಪಾರವಿಲ್ಲದೆ ಅಂಗಡಿಯ ಶಟರ್ ಎಳೆದವರು. ಇವರಲ್ಲಿ ಕೆಲವರು ಸಲಾಮ್ ಆದ ಕೂಡಲೇ ಯಾರ ಕಣ್ಣಿಗೂ ಬೀಳದೆ ಹೊರಟುಬಿಡುತ್ತಾರೆ. ಏಕೆಂದರೆ ಮಸೀದಿಯ ಅಂಗಳದಲ್ಲಿ ನಾವು ಕೇಳುವ ಮೊದಲ ಪ್ರಶ್ನೆಯೇ, "ಈಗ ಎಲ್ಲಿದ್ದೀ? ಏನು ಕೆಲಸ?" ಇಂದಿನ ಮಾತು ಅವರಿಗಾಗಿ. ಆ ಪ್ರಶ್ನೆ ಕೇಳುವ ನಮಗಾಗಿಯೂ ಹೌದು.

ಇಂಥ ದಿನಗಳು ನಮಗೆ ಹೊಸದಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿಮೆಯನ್ನೆಲ್ಲ ಅಲ್ಲೇ ಬಿಟ್ಟು ಊರಿಗೆ ಮರಳಬೇಕಾಯಿತು. ನಮ್ಮ ಕರಾವಳಿಯ ಮನೆಗಳ ಹಿರಿಯರೂ ಅವರಲ್ಲಿದ್ದರು. 2020ರ ಕೊರೋನಾ ಕಾಲದಲ್ಲಿ ಅದೇ ದೃಶ್ಯವನ್ನು ಮಕ್ಕಳೂ ಕಂಡರು. ಆಗಲೂ ಅನೇಕರು ಮತ್ತೆ ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸಿದರು.

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರ ಬದುಕಿನ ಒಂದು ಘಟನೆಯಿದೆ. ಫಿರ್‌ಔನನ ಅರಮನೆಯಲ್ಲಿ ಬೆಳೆದ ಮೂಸಾ(ಅ) ಜೀವಭಯದಿಂದ ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದರು. ಆಗಿನ್ನೂ ಅವರಿಗೆ ಪ್ರವಾದಿತ್ವ ಸಿಕ್ಕಿರಲಿಲ್ಲ. ಮನೆಯಿಲ್ಲ, ಗುರುತಿನವರಿಲ್ಲ, ಕೆಲಸವಿಲ್ಲ. ನೀರಿನ ಬಳಿ ಕುರಿಗಾಹಿಗಳು ಗುಂಪುಗೂಡಿದ್ದರು. ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದು ದೂರ ನಿಂತಿದ್ದರು. ತಂದೆ ಮುದುಕರು, ಎಲ್ಲರೂ ಹೋಗುವವರೆಗೆ ನಾವು ಕಾಯಲೇಬೇಕು ಎಂದರು ಅವರು. ಮೂಸಾ(ಅ) ಅವರ ಕುರಿಗಳಿಗೆ ನೀರು ಕುಡಿಸಿದರು. ಕೂಲಿ ಕೇಳಲಿಲ್ಲ. ನೆರಳಿಗೆ ಹೋಗಿ, ಪ್ರಭೂ, ನೀನು ಏನೇ ಒಳಿತನ್ನು ಇಳಿಸಿದರೂ ನನಗೆ ಅದರ ಅಗತ್ಯವಿದೆ ಎಂಬ ಅರ್ಥದಲ್ಲಿ ಬೇಡಿಕೊಂಡರು.

ಇಲ್ಲಿ ಮೊದಲ ಪಾಠವಿದೆ. ಕೆಲಸ ಇಲ್ಲದಿರುವುದು ಅಲ್ಲಾಹನ ಸಿಟ್ಟಿನ ಗುರುತಲ್ಲ. ಹಾಗಿದ್ದರೆ ಅವನು ತನ್ನ ಸಂದೇಶವಾಹಕನಾಗಿ ಆರಿಸಲಿದ್ದವರನ್ನೇ ಆ ಸ್ಥಿತಿಯಲ್ಲಿ ಇಡುತ್ತಿರಲಿಲ್ಲ. ಹತ್ತು ಕಡೆ ಅರ್ಜಿ ಹಾಕಿ ಹತ್ತೂ ಕಡೆಯಿಂದ 'ಇಲ್ಲ' ಎಂಬ ಉತ್ತರ ಬಂದ ಯುವಕ, ನನ್ನ ದುಆ ಸ್ವೀಕಾರವಾಗುತ್ತಿಲ್ಲ ಎಂದು ನಿರಾಶನಾಗಬಾರದು.

ಎರಡನೆಯದು, ಕೆಲಸ ಸಿಗದಿದ್ದರೂ ಮೂಸಾ(ಅ)ರ ಕೈ ಸುಮ್ಮನಿರಲಿಲ್ಲ. ಅವರು ಮೊದಲು ನೀರು ಸೇದಿದರು, ನಂತರ ದುಆ ಮಾಡಿದರು. ತವಕ್ಕುಲ್ ಎಂದರೆ ಇದೇ. ನಮ್ಮಲ್ಲಿ ಕೆಲಸ ಹೋದವನ ಮೊದಲ ಸೋಲು ಬೆಳಗ್ಗೆಯೇ ಆಗುತ್ತದೆ. ರಾತ್ರಿಯಿಡೀ ಮೊಬೈಲ್, ಫಜ್ರ್ ತಪ್ಪುತ್ತದೆ, ಎದ್ದಾಗ ಮಧ್ಯಾಹ್ನ. ಪ್ರವಾದಿವರ್ಯರು(ಸ) ತಮ್ಮ ಸಮುದಾಯದ ಮುಂಜಾನೆಯಲ್ಲಿ ಬರ್ಕತ್ ಇಡುವಂತೆ ಪ್ರಾರ್ಥಿಸಿದ್ದಾರೆ. ಫಜ್ರ್ ನಂತರದ ಎರಡು ಗಂಟೆಯನ್ನು ಅರ್ಜಿ ಬರೆಯಲು, ಹೊಸ ಕೆಲಸ ಕಲಿಯಲು ಇಡಿ. ಸಂಬಂಧಿಕರ ಅಂಗಡಿಯಲ್ಲಾದರೂ ನಾಲ್ಕು ಗಂಟೆ ನಿಲ್ಲಿ.

ಮೂರನೆಯದು, ಮೂಸಾ(ಅ) ಇಂಥದ್ದೇ ಹುದ್ದೆ ಬೇಕೆಂದು ಹಠ ಹಿಡಿಯಲಿಲ್ಲ. ಅರಮನೆಯಲ್ಲಿ ಬೆಳೆದವರು ಕುರಿ ಕಾಯುವ ಕೆಲಸ ಒಪ್ಪಿಕೊಂಡರು. ಎಂಟು ವರ್ಷ ದುಡಿಯಬೇಕು, ಹತ್ತು ತುಂಬಿಸಿದರೆ ಅದು ನಿನ್ನ ಔದಾರ್ಯ ಎಂಬುದು ಒಪ್ಪಂದವಾಗಿತ್ತು. "ಇಂಜಿನಿಯರಿಂಗ್ ಓದಿ ಈ ಕೆಲಸ ಮಾಡುವುದಾ?" ಎಂದು ಯಾರಾದರೂ ಚುಚ್ಚಿದರೆ ಆ ವರ್ಷಗಳನ್ನು ನೆನಪಿಸಿಕೊಳ್ಳಿ. ಹಲಾಲ್ ಆದ ಯಾವ ಕೆಲಸವೂ ಸಣ್ಣದಲ್ಲ.

ಆ ಕೆಲಸ ಅವರಿಗೆ ಸಿಕ್ಕಿದ್ದು ಹೇಗೆ? ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ತಂದೆಗೆ ಅವರ ಬಗ್ಗೆ ಎರಡು ಗುಣಗಳನ್ನು ಹೇಳಿದಳು: ಬಲಿಷ್ಠರು, ವಿಶ್ವಾಸಾರ್ಹರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸಾಮರ್ಥ್ಯ ಮತ್ತು ಪ್ರಾಮಾಣಿಕತೆ. ಆದ್ದರಿಂದ ಅವಸರಕ್ಕೆ ಬಿದ್ದು ಸುಳ್ಳು ಅನುಭವ ಪತ್ರ ಮಾಡಿಸಬೇಡಿ. ಆನ್‌ಲೈನ್ ಜೂಜು, ಬಡ್ಡಿಯ ಸಾಲದ ಆ್ಯಪ್‌ಗಳ ಬಾಗಿಲು ತಟ್ಟಬೇಡಿ. ವಿದೇಶಕ್ಕೆ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ. ಅದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸದೆ ತಾಯಿಯ ಚಿನ್ನ ಅಡವಿಟ್ಟು ಹಣ ಕೊಡಬೇಡಿ. "ಸದ್ಯ ವಿಸಿಟ್ ವೀಸಾದಲ್ಲಿ ಹೋಗು, ಮತ್ತೆ ನೋಡೋಣ" ಎನ್ನುವವರ ಮಾತಿಗೆ ಮರುಳಾಗಬೇಡಿ.

ಇನ್ನು ಉಳಿದವರ ಹೊಣೆ. ಮೂಸಾ(ಅ)ರಿಗೆ ಒಬ್ಬರು ಶಿಫಾರಸು ಮಾಡಿದರು, ಇನ್ನೊಬ್ಬರು ಮನೆಗೆ ಕರೆಸಿ ಅವರ ಕಥೆ ಕೇಳಿ ಧೈರ್ಯ ಹೇಳಿದರು. ಆ ಎರಡು ಕೆಲಸ ಮಾಡುವವರು ನಮ್ಮ ಜಮಾಅತ್‌ನಲ್ಲಿ ಎಷ್ಟು ಮಂದಿ ಇದ್ದೇವೆ?

ಒಮ್ಮೆ ಅನ್ಸಾರಿಗಳ ಪೈಕಿ ಒಬ್ಬರು ಪ್ರವಾದಿವರ್ಯರ(ಸ) ಬಳಿ ಸಹಾಯ ಕೇಳಿ ಬಂದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ) ವಿಚಾರಿಸಿದರು. ಇದ್ದದ್ದು ಒಂದು ಕಂಬಳಿ, ಒಂದು ನೀರಿನ ಪಾತ್ರೆ. ಅವನ್ನೇ ತರಿಸಿ ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ತರಿಸಿದರು. ಆ ಕೊಡಲಿಗೆ ಪ್ರವಾದಿ(ಸ) ಸ್ವತಃ ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಸೌದೆ ಕಡಿದು ಮಾರು, ಹದಿನೈದು ದಿನ ನಿನ್ನನ್ನು ಇಲ್ಲಿ ಕಾಣಬಾರದು ಎಂದು ಕಳಿಸಿದರು. ಆ ವ್ಯಕ್ತಿ ಹತ್ತು ದಿರ್ಹಮ್ ಗಳಿಸಿ ಮರಳಿದರು.

ಗಮನಿಸಿ ಸಹೋದರರೇ, ಪ್ರವಾದಿ(ಸ) ಬರೀ ಉಪದೇಶ ಮಾಡಿ ಕಳಿಸಲಿಲ್ಲ. ಮೊದಲು ಆ ಮನೆಯ ಹಸಿವು ನೀಗಿಸಿದರು, ನಂತರ ಕೈಗೆ ಕೊಡಲಿ ಕೊಟ್ಟರು, ಆ ಮೇಲೆ ಸಮಯ ಕೊಟ್ಟರು. ನಾವು ದಿನಾ ಕೇಳುತ್ತೇವೆ, "ಇನ್ನೂ ಏನೂ ಆಗ್ಲಿಲ್ವಾ?" ಇನ್ನು ಮುಂದೆ ಹಾಗೆ ಕೇಳುವ ಬದಲು, "ನಿನ್ನ ಬಯೋಡೇಟಾ ಕೊಡು, ನನ್ನ ಗುರುತಿನವರಿಗೆ ಕಳಿಸುತ್ತೇನೆ" ಎನ್ನೋಣ. ದುಡಿಮೆ ನಿಂತು ಮನೆ ಖರ್ಚಿಗೂ ಇಲ್ಲದ ಬಡವನಿಗೆ ಝಕಾತ್‌ನಲ್ಲಿ ಹಕ್ಕಿದೆ. ಅವನು ಕೈ ಚಾಚುವವರೆಗೆ ಕಾಯದೆ, ನಾಲ್ಕು ಜನರಿಗೆ ತಿಳಿಯದಂತೆ ತಲುಪಿಸೋಣ. ಮನೆಯವರಲ್ಲೂ ಒಂದು ವಿನಂತಿ: ಊಟಕ್ಕೆ ಕುಳಿತ ಮಗನ ಮುಂದೆ ಪಕ್ಕದ ಮನೆಯ ಹುಡುಗನ ಸಂಬಳದ ಮಾತೆತ್ತಬೇಡಿ.

ಅನ್ನಾಧಾರ ಅಲ್ಲಾಹನ ಕೈಯಲ್ಲಿದೆ. ಅದು ಯಾವಾಗ, ಯಾವ ಬಾಗಿಲಿನಿಂದ ಬರುತ್ತದೆಂದು ನಮಗೆ ತಿಳಿಯದು. ನೀರು ಸೇದುವಾಗ ಮೂಸಾ(ಅ)ರಿಗೂ ತಿಳಿದಿರಲಿಲ್ಲ. ಬಾವಿಕಟ್ಟೆಯವರೆಗೆ ನಡೆಯುವುದು ಮಾತ್ರ ನಮ್ಮ ಪಾಲಿನ ಕೆಲಸ.

ಪ್ರವಾದಿವರ್ಯರು(ಸ) ಚಿಂತೆ, ದುಃಖ, ಅಸಹಾಯಕತೆ, ಆಲಸ್ಯ ಮತ್ತು ಸಾಲದ ಹೊರೆಯಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ನಾವೂ ಬೇಡೋಣ. ಅಲ್ಲಾಹನೇ, ಕೆಲಸ ಹುಡುಕುತ್ತಿರುವ ನಮ್ಮ ಸಹೋದರ ಸಹೋದರಿಯರಿಗೆ ಹಲಾಲ್ ಆದ, ಬರ್ಕತ್ ಇರುವ ದುಡಿಮೆ ಕರುಣಿಸು. ಅವರ ಮನಸ್ಸು ಕುಗ್ಗದಂತೆ ಕಾಪಾಡು. ಅವರಿಗೆ ನೆರವಾಗುವವರಲ್ಲಿ ನಮ್ಮನ್ನು ಸೇರಿಸು. ಆಮೀನ್.