ನೀಲಿಗಟ್ಟಿದ ಡ್ರಿಲ್ ಬಿಟ್
(ಶತಮಾನೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೊಸೂರಿನ ಕಾರ್ಖಾನೆಗಳು ನಮ್ಮ ಗಡಿನಾಡಿನ ಎಷ್ಟೋ ಮನೆಗಳಿಗೆ ಅನ್ನ ನೀಡಿವೆ. ಕನ್ನಡ ಶಾಲೆಯಿಂದ ಹೊರಟ ಮಗು ಐಟಿಐ ಸೇರಿದಾಗ ಅಲ್ಲಿನ ಪಾಠ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ಇಲ್ಲಿ ಕಲಿತದ್ದು ಯಂತ್ರದ ಮುಂದೆ ಉಪಯೋಗಕ್ಕೆ ಬಂದೀತೇ ಎಂಬ ಪೋಷಕರ ಕಳವಳ ನ್ಯಾಯವಾದುದೇ. ನನಗೆ ದೊರೆತ ಕೆಲವು ನಿಮಿಷಗಳಲ್ಲಿ ಒಂದು ಡ್ರಿಲ್ ಬಿಟ್ಟನ್ನು ಮುಂದಿಟ್ಟುಕೊಂಡು ಉತ್ತರಿಸಲು ಯತ್ನಿಸುತ್ತೇನೆ.

ಹರಿತವಾದ ಬಿಟ್ ಕಬ್ಬಿಣದಿಂದ ಎರಡು ಸುರುಳಿಗಳನ್ನು ಸಮನಾಗಿ ಎಬ್ಬಿಸುತ್ತದೆ. ಮೊಂಡಾದದ್ದು ಕೊರೆಯದೆ ಉಜ್ಜುತ್ತದೆ, ಕಿರುಗುಟ್ಟುತ್ತದೆ, ಕಾಯುತ್ತದೆ. ಕೆಲಸಗಾರ ಇನ್ನಷ್ಟು ಒತ್ತುತ್ತಾನೆ. ಮೊನೆ ನೀಲಿಗಟ್ಟಿದೊಡನೆ ಬಿಟ್ ಗುಜರಿ ಡಬ್ಬ ಸೇರುತ್ತದೆ. ಹೀಗೆ ಎಸೆದವುಗಳಲ್ಲಿ ಬಹುಪಾಲು ಇನ್ನೂ ದುಡಿಯಬಲ್ಲವು ಎಂಬುದು ನನ್ನ ಅಭಿಪ್ರಾಯ.

ಮೊದಲು ಕೇಳಬೇಕಾದದ್ದು, ಇದು ಯಾವ ಉಕ್ಕು? ಐಟಿಐಯಲ್ಲಿ ‘ಟೆಂಪರಿಂಗ್’ ಎಂದು ಬಾಯಿಪಾಠ ಮಾಡಿದ ಹುಡುಗನಿಗೆ ಅದು ಪರೀಕ್ಷೆಯ ಉತ್ತರವಷ್ಟೇ. ‘ಹದ’ ಎಂದರೆ ಅವನಿಗೆ ಮೊದಲೇ ಗೊತ್ತು: ಬೆಲ್ಲದ ಪಾಕಕ್ಕೆ ಹದವಿದೆ, ಉಳುವ ನೆಲಕ್ಕೆ ಹದವಿದೆ, ಕಮ್ಮಾರನ ಕುಡುಗೋಲಿಗೂ ಹದವಿದೆ. ಸಾಧಾರಣ ಕಾರ್ಬನ್ ಉಕ್ಕು ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್‌ಗೆ ಕಾದು ನೀಲಿಗಟ್ಟಿತೆಂದರೆ ಅದರ ಹದ ಇಳಿದು ಮೆತ್ತಗಾಗಿದೆ. ನೀಲಿಯಾದಷ್ಟು ಭಾಗವನ್ನು ಸಾಣೆಯಲ್ಲಿ ಕಳೆಯದೆ ಹರಿತ ನಿಲ್ಲದು. ಆದರೆ ೧೯೦೦ರ ಹೊತ್ತಿಗೆ ಅಮೆರಿಕದಲ್ಲಿ ಟೇಲರ್ ಮತ್ತು ವೈಟ್ ರೂಪಿಸಿದ ಹೈಸ್ಪೀಡ್ ಉಕ್ಕು ಸುಮಾರು ೬೦೦ ಡಿಗ್ರಿಯವರೆಗೂ ಗಡಸುತನ ಉಳಿಸಿಕೊಳ್ಳುತ್ತದೆ. ಅದರ ಮೇಲಿನ ನೀಲಿಗೆ ಅಂಜಬೇಕಾಗಿಲ್ಲ. ಬಿಟ್ಟಿನ ಹಿಡಿಯ ಕಡೆ ‘ಎಚ್.ಎಸ್.ಎಸ್.’ ಅಚ್ಚು ಅಳಿಸಿಹೋಗಿದ್ದರೆ ಸಾಣೆಗೆ ತಾಗಿಸಿ ಕಿಡಿ ನೋಡಿ. ಕಾರ್ಬನ್ ಉಕ್ಕು ಹೂಬಾಣದಂತೆ ಬಿಳಿ ಕಿಡಿ ಸಿಡಿಸುತ್ತದೆ. ಹೈಸ್ಪೀಡ್ ಉಕ್ಕಿನ ಕಿಡಿ ಮಂದ ಕೆಂಪು, ವಿರಳ.

ಸಾಣೆ ಹಿಡಿಯುವಾಗ ಮೊನೆಯ ಕೋನ ೧೧೮ ಡಿಗ್ರಿ, ಅಂದರೆ ಅಕ್ಷದಿಂದ ಒಂದೊಂದು ಪಕ್ಕಕ್ಕೆ ೫೯. ಎರಡು ಅಂಚುಗಳೂ ಸಮನಾಗಿರಬೇಕು. ಒಂದು ಉದ್ದವಾದರೆ ರಂಧ್ರ ಅಳತೆ ಮೀರುತ್ತದೆ. ಅಂಚಿನ ಹಿಂಬದಿ ೮ರಿಂದ ೧೨ ಡಿಗ್ರಿ ತಗ್ಗಿರಲಿ, ಇಲ್ಲವಾದರೆ ಹಿಮ್ಮಡಿಯೇ ಕಬ್ಬಿಣಕ್ಕೆ ಉಜ್ಜುತ್ತದೆ. ಕೋನಮಾಪಕವಿಲ್ಲದವರು ಎರಡು ಷಟ್ಕೋನ ನಟ್ಟುಗಳನ್ನು ಪಕ್ಕಕ್ಕೆ ಪಕ್ಕ ಒತ್ತಿ ಹಿಡಿಯಲಿ: ನಡುವೆ ಮೂಡುವ ಸಂದು ೧೨೦ ಡಿಗ್ರಿ, ಬಿಟ್ಟಿನ ಮೊನೆ ಅದರಲ್ಲಿ ಕೂರುತ್ತದೆ. ನಮ್ಮ ಏಳನೆಯ ತರಗತಿಯ ರೇಖಾಗಣಿತವೇ ಇದು! ಹೈಸ್ಪೀಡ್ ಬಿಟ್ ಕೆಂಪಾಗುವಷ್ಟು ಕಾದರೆ ನೀರಿಗೆ ಅದ್ದಬೇಡಿ, ಸೂಕ್ಷ್ಮ ಬಿರುಕು ಬಿಡುತ್ತದೆ; ಗಾಳಿಯಲ್ಲೇ ತಣಿಯಲಿ. ಕಾರ್ಬನ್ ಬಿಟ್ಟನ್ನಾದರೆ ಬಿಸಿಯೇರುವ ಮುನ್ನವೇ ಆಗಾಗ ನೀರಿನಲ್ಲಿ ಅದ್ದುತ್ತಿರಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಕೈಗವಸು ಬೇಡ, ತಿರುಗುವ ಚಕ್ರ ಬಟ್ಟೆಯನ್ನು ಎಳೆದುಕೊಳ್ಳುತ್ತದೆ.

ಹರಿತಗೊಳಿಸಿದ ಬಿಟ್ ಮತ್ತೆ ಸುಡದಿರಲು ವೇಗ ತಗ್ಗಿಸಬೇಕು. ಸಾಧಾರಣ ಕಬ್ಬಿಣಕ್ಕೆ ೧೦ ಮಿಲಿಮೀಟರಿನ ಹೈಸ್ಪೀಡ್ ಬಿಟ್ ನಿಮಿಷಕ್ಕೆ ಸುಮಾರು ೯೦೦ ಸುತ್ತು ಸಾಕು, ಜೊತೆಗೆ ತುಸು ಎಣ್ಣೆ.

ಊಟದ ಬಳಿಕ ಹಿಂದಿನ ಕೊಠಡಿಯಲ್ಲಿ ಸಾಣೆಯಂತ್ರ ಇರಿಸಿರುತ್ತೇವೆ. ಮೊಂಡು ಬಿಟ್ಟುಗಳನ್ನು ತಂದವರು ಮಕ್ಕಳನ್ನೂ ಕರೆತನ್ನಿ. ಕಿಡಿ ನೋಡಿ ಉಕ್ಕನ್ನು ಅವರೇ ಗುರುತಿಸಲಿ.